ಎಂ.ಎ.ಯೋ ಎಂ.ಬಿ.ಎ.ಯೋ: ಯಾವುದು ಮೊದಲು?



ದತ್ತಿ ಉಪನ್ಯಾಸಕ್ಕೆ ಭಾರವಾದ ಒಂದು ಶೀರ್ಷಿಕೆ ಇರಬೇಕೆಂಬುದು ವಾಡಿಕೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ವಿಭಾಗದವರು ‘ಜಾಗತೀಕರಣ ಮತ್ತು ಉನ್ನತ ಶಿಕ್ಷಣದ ಸವಾಲುಗಳು’ ಎಂದು ಹಾಕಲೇ ಎಂದು ಕೇಳಿದರು. ಬೇಡ ಎಂದೆ. ಆ ಶೀರ್ಷಿಕೆಯಡಿ ಏನು ಬೇಕಾದರೂ ಮಾತಾಡಬಹುದು. ಅದೇ ಅದರ ತೊಂದರೆ. ನಾನು ಇವತ್ತು ಮಾತಾಡುವುದು ಕಿರಾಣಿ ಅಂಗಡಿಯ ಒಬ್ಬರು ನನಗೆ ಕೇಳಿದ, ನಾನು ಅವತ್ತು ನೆಟ್ಟಗೆ ಉತ್ತರ ಕೊಡದೆ ಹೋದ ಒಂದು ಪ್ರಶ್ನೆಯ ಬಗ್ಗೆ.

ನಾಲ್ಕು ವರ್ಷದ ಹಿಂದಿನ ಮಾತು. ಅರ್ಥಶಾಸ್ತ್ರದ ಮೇಷ್ಟರಾಗಿದ್ದ ನಾನು ಆಗಷ್ಟೇ ನಿವೃತ್ತನಾಗಿದ್ದೆ. ನವಲಗುಂದದ ಕಡೆಯ ಅಂಗಡಿಯವರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ಬಿ.ಎ. ಓದುತ್ತಿದ್ದಳು, ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಚಹಾ ಬರುವ ಮೊದಲೇ ಅವರು ವಿಷಯಕ್ಕೆ ಬಂದರು. “ಸರ, ಈಕಿಗೆ ಎಂ.ಎ. ಮಾಡಸಬೇಕೋ, ಎಂ.ಬಿ.ಎ. ಮಾಡಸಬೇಕೋ, ಒಂದು ಮಾತಿನ್ಯಾಗ ಹೇಳ್ರಿ.” ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ, ನಾನು ಮಾನವ ಬಂಡವಾಳದಿಂದ ಶುರು ಮಾಡಿದೆ. ಅವರು ಎರಡು ನಿಮಿಷ ತಾಳ್ಮೆಯಿಂದ ಕೇಳಿದರು. ಆಮೇಲೆ ಹೇಳಿದರು: “ಅದೆಲ್ಲಾ ಖರೇರಿ. ಎಮ್ಮಿ ಕಟ್ಟಿದ್ರ ಎರಡು ಹೊತ್ತು ಹಾಲರ ಕೊಡತೈತಿ. ಎಂ.ಎ. ಏನ ಕೊಡತೈತ್ರಿ?”

ಮಗಳು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎಮ್ಮೆ, ಎಂ.ಎ. ಎಂಬ ಈ ಶ್ಲೇಷೆ ನಮ್ಮ ಹಾಸ್ಟೆಲುಗಳಷ್ಟೇ ಹಳೆಯದು. ಆದರೆ ಅವರು ತಮಾಷೆಗೆ ಕೇಳಿರಲಿಲ್ಲ. ಮನೆಯಲ್ಲಿ ಎರಡು ಎಮ್ಮೆ ಇದ್ದವು, ಅವುಗಳ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು.

ಆಗ ನಾನು ಮಾತು ತಪ್ಪಿಸಲು ಆ ಹುಡುಗಿಯನ್ನು ಬೇರೆ ಏನೋ ಕೇಳಿದೆ. ತಪ್ಪಿಸಲು ಕೇಳಿದ ಆ ಪ್ರಶ್ನೆಯೇ ನನಗೆ ಆಮೇಲೆ ದಾರಿ ತೋರಿಸಿತು. “ನಿಮ್ಮ ಅಂಗಡಿಗೆ ಪಿಗ್ಮಿ ವಸೂಲಿಯವರು ಬರ್ತಾರಾ?” ಬರುತ್ತಾರೆ, ದಿನಾ ಸಂಜೆ ಏಳಕ್ಕೆ, ಸೌಹಾರ್ದ ಸೊಸೈಟಿಯವರು, ಎಂದಳು. “ಅವರನ್ನು ನೋಡಿದಾಗ ನಿನ್ನ ತಲೆಯಲ್ಲಿ ಏನು ಓಡುತ್ತೆ?”

ಪಿಗ್ಮಿಯ ಹುಟ್ಟು ನಿಮಗೆ ಗೊತ್ತಿರಬಹುದು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ, ಅಂದರೆ ಒಬ್ಬ ವೈದ್ಯ, ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್, 8,000 ರೂಪಾಯಿ ಬಂಡವಾಳ ಹಾಕಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕೆಂಬುದು ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು: ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ತುಂಬಿಸಿಕೊಂಡು ಹೋಗುತ್ತಿದ್ದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ ಸಂಸ್ಥೆ. ಆ ಮೂವರು ಪಿಗ್ಮಿ ಕಂಡುಹಿಡಿದಾಗ ಎಂ.ಬಿ.ಎ. ಎಂಬ ಪದವಿ ಈ ದೇಶದಲ್ಲೇ ಇರಲಿಲ್ಲ. ಇದನ್ನು ಪದವಿಗಳ ಮೇಲಿನ ಚುಚ್ಚುಮಾತು ಎಂದು ತಿಳಿಯಬೇಡಿ. ಪಿಗ್ಮಿ ಈಗ ನಮ್ಮ ಕೈಯಲ್ಲಿದೆ, ಅದನ್ನು ಎರಡು ಕನ್ನಡಕ ಹಾಕಿಕೊಂಡು ನೋಡೋಣ ಎಂದಷ್ಟೇ ನನ್ನ ಮಾತು.

ಅರ್ಥಶಾಸ್ತ್ರದವರು ಆ ಏಜೆಂಟನನ್ನು ನೋಡಿದರೆ ಮೊದಲು ಬರುವುದು ಒಂದು ಕಿರಿಕಿರಿ. ಪಿಗ್ಮಿಗೆ ಸಿಗುವ ಬಡ್ಡಿ ದೊಡ್ಡದೇನಲ್ಲ. ನಡುವೆ ಮುರಿದರೆ ಎಷ್ಟೋ ಕಡೆ ಅದೂ ಇಲ್ಲ. ಆದರೂ ತರಕಾರಿ ಮಾರುವ ಹೆಂಗಸು ದಿನಾ ಐವತ್ತು ರೂಪಾಯಿ ಯಾಕೆ ತೆಗೆದಿಡುತ್ತಾಳೆ? ಬ್ಯಾಂಕು ಎದುರು ರಸ್ತೆಯಲ್ಲೇ ಇದೆ. ತಾನೇ ಹೋಗಿ ತುಂಬಬಹುದು. ಹಾಗಾದರೆ ಅವಳು ಕೊಳ್ಳುತ್ತಿರುವುದು ಬಡ್ಡಿಯನ್ನಲ್ಲ, ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳುವ ಒಂದು ಹಗ್ಗವನ್ನು. ಈ ಊಹೆಯನ್ನು ಊಹೆಯಾಗಿಯೇ ಬಿಡಬೇಕಿಲ್ಲ, ಪರೀಕ್ಷೆ ಮಾಡಬಹುದು. ನಾವಾ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್ ಎಂಬ ಮೂವರು ಫಿಲಿಪೀನ್ಸಿನಲ್ಲಿ ಅದನ್ನೇ ಮಾಡಿದರು. ತಾನು ಗೊತ್ತುಮಾಡಿದ ದಿನಾಂಕವೋ ಮೊತ್ತವೋ ಬರುವ ತನಕ ತನ್ನ ದುಡ್ಡನ್ನೇ ತಾನು ಮುಟ್ಟಲಾಗದ ಖಾತೆಯನ್ನು, ಚೀಟಿ ಎತ್ತಿದಂತೆ ಆರಿಸಿದ ಕೆಲವು ಗ್ರಾಹಕರಿಗೆ ಮಾತ್ರ ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದ ನಂತರ ಆ ಗುಂಪಿನ ಉಳಿತಾಯ, ಕೊಡದವರ ಗುಂಪಿಗಿಂತ ಶೇ. 81 ಅಂಶಗಳಷ್ಟು ಹೆಚ್ಚು ಬೆಳೆದಿತ್ತು. ಎಂ.ಎ. ಅರ್ಥಶಾಸ್ತ್ರ ಎಂದರೆ ನಿಜವಾಗಿ ಇದು. ‘ಯಾಕೆ’ ಎಂದು ಕೇಳುವುದು, ಆಮೇಲೆ ನಿನ್ನ ಉತ್ತರ ಸರಿ ಎಂದು ಹೇಗೆ ಗೊತ್ತು ಎಂದು ತನ್ನನ್ನೇ ಪೀಡಿಸಿಕೊಳ್ಳುವುದು.

ಎಂ.ಬಿ.ಎ.ಯವರ ಕಣ್ಣಿಗೆ ಅದೇ ಏಜೆಂಟ್ ಬೇರೆ ಮನುಷ್ಯ. ಒಬ್ಬನಿಗೆ ಎಷ್ಟು ಖಾತೆ? ಗಾಡಿಯ ಪೆಟ್ರೋಲ್ ಯಾರದು? ಕಮಿಷನ್ ನೂರಕ್ಕೆ ಎರಡು ಕೊಟ್ಟರೆ ಅವನು ಪಕ್ಕದ ಸೊಸೈಟಿಗೆ ಹೋಗುತ್ತಾನೆ, ನಾಲ್ಕು ಕೊಟ್ಟರೆ ನಮಗೇ ಗಿಟ್ಟುವುದಿಲ್ಲ. ಅವನು ಇವತ್ತಿನ ವಸೂಲಿಯನ್ನು ಜೇಬಿಗೆ ಹಾಕಿಕೊಂಡರೆ ಶಾಖೆಗೆ ಎಷ್ಟು ದಿನದಲ್ಲಿ ತಿಳಿಯುತ್ತದೆ? ಸಂತೆಯ ದಿನ ಅವನು ಒಬ್ಬನೇ ಸಾಕೇ? ಫೋನ್‌ಪೇ ಬಂದ ಮೇಲೆ ಅವನು ಬೇಕೇ? ಬೇಡವಾದರೆ ತರಕಾರಿಯ ಹೆಂಗಸು ತಾನಾಗಿ ತುಂಬುತ್ತಾಳೆಯೇ? ನೋಡಿ, ಈ ಕೊನೆಯ ಪ್ರಶ್ನೆಗೆ ಬಂದಾಗ ಎಂ.ಬಿ.ಎ.ಯವರು ಅರ್ಥಶಾಸ್ತ್ರದವರ ಬಾಗಿಲು ಬಡಿಯಲೇಬೇಕು. ಮೊದಲನೆಯ ‘ಯಾಕೆ’ಗೆ ಉತ್ತರ ಗೊತ್ತಿಲ್ಲದಿದ್ದರೆ ಆ್ಯಪ್ ಮಾಡಿ ಏಜೆಂಟನನ್ನು ಮನೆಗೆ ಕಳಿಸುತ್ತಾರೆ, ಠೇವಣಿಯೂ ಅವನ ಹಿಂದೆಯೇ ಹೋಗುತ್ತದೆ. ಆದರೆ ಎಂ.ಬಿ.ಎ.ಯವರಿಗೆ ಒಂದು ಅನಿವಾರ್ಯ ಇದೆ, ಅರ್ಥಶಾಸ್ತ್ರದವರಿಗೆ ಅದಿಲ್ಲ: ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಏನಾದರೊಂದು ತೀರ್ಮಾನ ಮಾಡಲೇಬೇಕು, ಮಾಹಿತಿ ಅರ್ಧವೇ ಇದ್ದರೂ. ಆ ಧೈರ್ಯವೂ ಒಂದು ವಿದ್ಯೆಯೇ. ನಮ್ಮವರು ಅದನ್ನು ಕೀಳಾಗಿ ಕಾಣುವುದುಂಟು. ಮೂವತ್ತು ವರ್ಷ ನಾನೂ ಕಂಡಿದ್ದೆ.

(ಈ ಏಜೆಂಟರ ವಿಷಯದಲ್ಲಿ ಮೂರನೆಯ ಕನ್ನಡಕವೂ ಒಂದುಂಟು. ಅವರು ಬ್ಯಾಂಕಿನ ನೌಕರರೋ, ಬರಿಯ ಕಮಿಷನ್ ಮನುಷ್ಯರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ಠೇವಣಿ ಸಂಗ್ರಹಕಾರರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಮಾನವಾಯಿತು. ಕಾನೂನು ಓದುವ ಮಕ್ಕಳು ಇಲ್ಲಿದ್ದರೆ ಬೇಸರಪಟ್ಟುಕೊಳ್ಳಬಾರದಲ್ಲ.)

ಆ ಹುಡುಗಿ ಏನು ಹೇಳಿದಳು ಎನ್ನುತ್ತೀರಾ? “ಸರ್, ಅವರು ನಮ್ಮ ಅಂಗಡಿಗೆ ಬಂದಾಗ ಅಪ್ಪನ ಹತ್ರ ಚಿಲ್ಲರೆ ಇರೋದಿಲ್ಲ, ಆದರೂ ಪಿಗ್ಮಿಗೆ ಅಂತ ಬೇರೆ ಡಬ್ಬಿಯಾಗ ಇಟ್ಟಿರ್ತಾರ. ಗಿರಾಕಿಗೆ ಚಿಲ್ಲರೆ ಇಲ್ಲ ಅಂತಾರ, ಆ ಡಬ್ಬಿ ಮುಟ್ಟೋದಿಲ್ಲ. ಅದ್ಯಾಕ ಅಂತ ಅನ್ನಸ್ತದ.” ಅಲ್ಲೇ ನನಗೆ ಉತ್ತರ ಸಿಕ್ಕಿತ್ತು. ಆದರೆ ಅವಳ ತಂದೆಗೆ ಬೇಕಾಗಿದ್ದ ಉತ್ತರ ಹಾಲಿನದು, ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿರಲಿಲ್ಲ.

ಹಾಲಿನ ಲೆಕ್ಕಕ್ಕೆ ಹೋಗುವ ಮೊದಲು ಈ ಎರಡು ವಿದ್ಯೆ ಬೇರೆಯಾದದ್ದು ಹೇಗೆ ಎಂದು ಬೇಗ ಹೇಳಿ ಮುಗಿಸುತ್ತೇನೆ. ಕೇಂಬ್ರಿಡ್ಜಿನಲ್ಲಿ ಆಲ್ಫ್ರೆಡ್ ಮಾರ್ಷಲ್ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿ ಪರೀಕ್ಷೆ ತಂದದ್ದು 1903ರಲ್ಲಿ. ವ್ಯಾಪಾರಕ್ಕೆ ಹೋಗುವವರಿಗೂ ಅದು ಬೇಕಾಗುತ್ತದೆ ಎಂದು ಅವರು ವಾದಿಸಿದ್ದರು. ಅಮೆರಿಕದಲ್ಲಿ 1881ರ ವಾರ್ಟನ್, 1908ರ ಹಾರ್ವರ್ಡ್ ವ್ಯಾಪಾರ ಶಾಲೆ ಬೇರೆ ದಾರಿ ಹಿಡಿದವು. 1959ರಲ್ಲಿ ಫೋರ್ಡ್ ಫೌಂಡೇಷನ್ ನೆರವಿನಿಂದ ಬಂದ ಗಾರ್ಡನ್ ಮತ್ತು ಹೋವೆಲ್ ವರದಿ ಆ ಶಾಲೆಗಳ ಬೋಧನೆ ತೆಳು ಎಂದು ಝಾಡಿಸಿದ ಮೇಲೆ ಅವು ಅರ್ಥಶಾಸ್ತ್ರಜ್ಞರನ್ನೂ ಗಣಿತದವರನ್ನೂ ಒಳಗೆ ಕರೆದುಕೊಂಡವು. ಅದರ ಬೆನ್ನಿಗೇ 1961ರಲ್ಲಿ ನಮ್ಮ ಮೊದಲ ಎರಡು ಐಐಎಂಗಳು ಹುಟ್ಟಿದವು: ಕಲ್ಕತ್ತಾಕ್ಕೆ ಎಂಐಟಿಯ ನೆರವು, ಅಹಮದಾಬಾದಿಗೆ ಹಾರ್ವರ್ಡಿನದು. ಬೆಂಗಳೂರಿನದು 1973. ಅತ್ತ ವಿ.ಕೆ.ಆರ್.ವಿ. ರಾವ್ 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ್ದರು. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಹೋದವರೂ, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಸ್ಥಾಪಿಸಿದವರೂ ಅವರೇ.

ಎರಡರ ಗಡಿಯ ಮೇಲೆ ನಿಂತವರಲ್ಲಿ ನನಗೆ ಪ್ರಿಯರಾದವರು ರೊನಾಲ್ಡ್ ಕೋಸ್. ಲಂಡನ್ನಿನಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗ, ಪ್ರವಾಸದ ವಿದ್ಯಾರ್ಥಿವೇತನ ಸಿಕ್ಕಿದ್ದಕ್ಕೆ ಅಮೆರಿಕಕ್ಕೆ ಹೋಗಿ ಕಾರಿನ ಕಾರ್ಖಾನೆಗಳನ್ನು ಸುತ್ತಿದ. ಅವನಿಗೊಂದು ಪೆದ್ದು ಪ್ರಶ್ನೆ ಇತ್ತು: ಮಾರುಕಟ್ಟೆ ಅಷ್ಟು ಚೆನ್ನಾಗಿ ಎಲ್ಲವನ್ನೂ ಹೊಂದಿಸುತ್ತದೆ ಎಂದಾದರೆ ಕಂಪನಿ ಯಾಕಿದೆ? ಮೇಲಿನವನು ಹೇಳುವುದು, ಕೆಳಗಿನವನು ಮಾಡುವುದು ಯಾಕೆ? ಆ ಪ್ರಶ್ನೆಯಿಂದ 1937ರಲ್ಲಿ ಒಂದು ಲೇಖನ ಬಂತು. ಅದನ್ನೂ ಅದರ ನಂತರದ ಕೆಲಸವನ್ನೂ ಮೆಚ್ಚಿ 1991ರಲ್ಲಿ ನೊಬೆಲ್ ಬಂತು. ಅದೇ ದಾರಿಯಲ್ಲಿ ಮುಂದೆ ಹೋಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲಿವರ್ ವಿಲಿಯಮ್ಸನ್ ಸ್ಟ್ಯಾನ್‌ಫರ್ಡಿನ ಎಂ.ಬಿ.ಎ. ಇಷ್ಟಾದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರದ ಕಟ್ಟಡದಿಂದ ಮ್ಯಾನೇಜ್‌ಮೆಂಟ್ ಕಟ್ಟಡಕ್ಕೆ ಐದು ನಿಮಿಷದ ನಡಿಗೆ. ಆ ದಾರಿಯಲ್ಲಿ ನಡೆದ ವಿದ್ಯಾರ್ಥಿಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಈಗ ಹಾಲಿನ ಲೆಕ್ಕ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರ ಮುಂದಿರುವುದು ದೆಹಲಿ ಸ್ಕೂಲೋ ಅಹಮದಾಬಾದೋ ಎಂಬ ಪ್ರಶ್ನೆಯಲ್ಲ. ಅದಾಗಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ, ಎರಡರಲ್ಲಿ ಯಾವುದು ಸಿಕ್ಕರೂ ಹೋಗಿ ಎನ್ನುತ್ತಿದ್ದೆ. ನಮ್ಮ ಮುಂದಿರುವುದು ವರ್ಷಕ್ಕೆ ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಸರ್ಕಾರಿ ವಿಶ್ವವಿದ್ಯಾಲಯದ ಎಂ.ಎ., ಇಲ್ಲವೇ ಬೆಂಗಳೂರಿನ ಯಾವುದೋ ಹೊರವರ್ತುಲ ರಸ್ತೆಯ ಮೇಲಿರುವ, ಗಾಜಿನ ಕಟ್ಟಡದ, ಹೋರ್ಡಿಂಗಿನಲ್ಲಿ ಟೈ ಕಟ್ಟಿದ ಮಕ್ಕಳು ನಗುವ ಕಾಲೇಜಿನ ಎಂ.ಬಿ.ಎ. ಅದಕ್ಕೆ ಫೀ, ಹಾಸ್ಟೆಲ್ ಎಲ್ಲ ಸೇರಿ ಎಂಟು ಲಕ್ಷ ಸಾಲ ತಂದಿರಿ ಎಂದಿಟ್ಟುಕೊಳ್ಳೋಣ. ಬಡ್ಡಿ ಶೇ. 11, ಅವಧಿ ಏಳು ವರ್ಷ. ತಿಂಗಳ ಕಂತು ಸುಮಾರು 13,700 ರೂಪಾಯಿ. ಓದುವಾಗಿನ ಎರಡು ವರ್ಷದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಮೇಲೆ. ಮೊದಲ ಸಂಬಳ ಇಪ್ಪತ್ತೈದು ಸಾವಿರ ಎಂದುಕೊಳ್ಳಿ, ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು ಕಳೆದು ಊರಿಗೆ ಏನು ಕಳಿಸುತ್ತೀರಿ? ಎಮ್ಮೆ ಹಾಲು ಕೊಡುವುದಿರಲಿ, ಈ ಎಮ್ಮೆಗೆ ನೀವೇ ಏಳು ವರ್ಷ ಹಾಲು ಕುಡಿಸಬೇಕು.

ಇನ್ನೂ ಒಂದು ವಿಷಯ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಜಾಮೀನು ಬೇಡ, ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಅಡಮಾನ ಬೇಕು. ಅಂದರೆ ಹೊಲದ ಉತಾರ, ಮನೆಯ ಕಾಗದ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಆದರೆ ಅದು ಶ್ರೇಯಾಂಕದಲ್ಲಿ ಮೇಲಿರುವ, ಸರ್ಕಾರ ಪಟ್ಟಿ ಮಾಡಿದ ಸಂಸ್ಥೆಗಳಿಗೆ ಮಾತ್ರ. ತಂದೆತಾಯಿಯರಿಗೆ ನನ್ನದೊಂದು ಸುಲಭದ ಅಳತೆಗೋಲು ಇದೆ. ಮಗ ಹೇಳುವ ಕಾಲೇಜು ಆ ಪಟ್ಟಿಯಲ್ಲಿ ಇದೆಯೇ ನೋಡಿ. ಸಾಲ ಕೊಡುವವರೇ ನಿಮ್ಮ ಹೊಲ ಕೇಳದೆ ನಂಬಲಾರದ ಕಾಲೇಜನ್ನು ನೀವು ಹೊಲ ಇಟ್ಟು ಯಾಕೆ ನಂಬಬೇಕು?

ಇದರ ಹಿಂದಿನ ತತ್ತ್ವವನ್ನು ಮೈಕಲ್ ಸ್ಪೆನ್ಸ್ 1973ರಲ್ಲೇ ಬರೆದಿಟ್ಟರು. 2001ರಲ್ಲಿ ನೊಬೆಲ್ ಹಂಚಿಕೊಂಡರು. ಅದಕ್ಕೆ ಮೊದಲು ಗ್ಯಾರಿ ಬೆಕರ್ ವಿದ್ಯೆ ಎಂದರೆ ಬಂಡವಾಳ, ಓದಿದವರ ಕೈ ಚುರುಕಾಗುತ್ತದೆ, ಅದಕ್ಕೇ ಸಂಬಳ ಹೆಚ್ಚು ಎಂದಿದ್ದರು. ಸ್ಪೆನ್ಸ್ ಇನ್ನೊಂದು ಸಾಧ್ಯತೆ ತೋರಿಸಿದರು. ಓದಿನಿಂದ ಕೈ ಒಂದಿಷ್ಟೂ ಚುರುಕಾಗದೆ ಹೋದರೂ ಸಂಬಳ ಹೆಚ್ಚಬಹುದು, ಯಾಕೆಂದರೆ ಆ ಪದವಿ ಪಡೆಯುವುದು ಚುರುಕಿನವರಿಗೆ ಸುಲಭ, ಉಳಿದವರಿಗೆ ಕಷ್ಟ. ನೇಮಿಸಿಕೊಳ್ಳುವವನು ಪದವಿಯನ್ನು ನೋಡುವುದಿಲ್ಲ, ಪದವಿಯ ಹಿಂದಿನ ಜರಡಿಯನ್ನು ನೋಡುತ್ತಾನೆ. ಈಗ ಯೋಚಿಸಿ. ಲಕ್ಷಾಂತರ ಮಂದಿ ಬರೆಯುವ ಕ್ಯಾಟ್ ಪರೀಕ್ಷೆಯ ಜರಡಿ ದಾಟಿದವನಿಗೆ ಆ ಜರಡಿಯೇ ಪ್ರಮಾಣಪತ್ರ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಕೊಂಡವನ ಹಿಂದೆ ಯಾವ ಜರಡಿ ಇದೆ? ಅಪ್ಪನ ಹತ್ತಿರ ದುಡ್ಡಿದೆ ಎಂಬ ಸಂಗತಿಯನ್ನು ಕಂಪನಿಗೆ ಎಂಟು ಲಕ್ಷ ಕೊಟ್ಟು ತಿಳಿಸಿದಂತಾಯಿತು.

ನಾನೇ ಒಂದು ಖಾಸಗಿ ಕಾಲೇಜಿನಲ್ಲಿ ಮೂರು ವರ್ಷ ಎಂ.ಬಿ.ಎ. ಮಕ್ಕಳಿಗೆ ಮ್ಯಾನೇಜೀರಿಯಲ್ ಎಕನಾಮಿಕ್ಸ್ ಪಾಠ ಮಾಡಲು ಹೋಗುತ್ತಿದ್ದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ ಎರಡು ತಾಸು, ಮಾರುಕಟ್ಟೆ ರೂಪಗಳಿಗೆ ನಾಲ್ಕು ತಾಸು, ಮುಗಿಯಿತು. ಮಕ್ಕಳು ಬುದ್ಧಿವಂತರೇ. ಆದರೆ ಪ್ರವೇಶದ್ವಾರದ ಪ್ಲೇಸ್‌ಮೆಂಟ್ ಫಲಕದಲ್ಲಿ ಒಬ್ಬ ಹುಡುಗನ ಫೋಟೊ ಮೂರು ವರ್ಷವೂ ಹಾಗೇ ಇತ್ತು, ಅತಿ ಹೆಚ್ಚು ಪ್ಯಾಕೇಜ್ ಪಡೆದವನು ಎಂದು. ಮೂರನೆಯ ವರ್ಷ ಅವನ ಮುಖ ಬಿಸಿಲಿಗೆ ನೀಲಿಗಟ್ಟಿತ್ತು. ಕಾಲೇಜು ನೋಡಲು ಹೋದಾಗ ಅತಿ ಹೆಚ್ಚಿನದನ್ನು ಕೇಳಬೇಡಿ. ನೂರು ಜನರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಐವತ್ತನೆಯವನ ಸಂಬಳ ಎಷ್ಟು ಎಂದು ಕೇಳಿ. ಮಧ್ಯಕ ಎನ್ನುವ ಆ ಪದವನ್ನು ಬಿ.ಎ. ಎರಡನೆಯ ವರ್ಷದಲ್ಲಿ ನಾವು ಹೇಳಿಕೊಟ್ಟದ್ದು ಇದಕ್ಕೇ.

ಇಷ್ಟು ಹೇಳಿದ ಮೇಲೆ ನನ್ನ ಪಂಗಡದ ಕಡೆಗೂ ಕೈ ತೋರಿಸದಿದ್ದರೆ ಅನ್ಯಾಯ. ಕಡಿಮೆ ಫೀಯ ಎಂ.ಎ. ಪುಕ್ಕಟೆಯಲ್ಲ. ಎರಡು ವರ್ಷದ ಬದುಕು ಅದರ ಬೆಲೆ. ಆ ಎರಡು ವರ್ಷ ದುಡಿದಿದ್ದರೆ ಬರುತ್ತಿದ್ದ ಸಂಬಳ ಅದರ ಬೆಲೆ. ಅವಕಾಶ ವೆಚ್ಚವನ್ನು ಪಾಠ ಮಾಡುವ ನಾವೇ ಅದನ್ನು ಮಕ್ಕಳಿಗೆ ಲೆಕ್ಕ ಹಾಕಿ ತೋರಿಸುವುದಿಲ್ಲ. ಬೇಡಿಕೆ ರೇಖೆಯನ್ನು ಚಿತ್ರವಾಗಿ ಮಾತ್ರ ಕಂಡ ಎಚ್‌ಇಪಿಯ ಹುಡುಗ ಎಂ.ಎ.ಯಲ್ಲೂ ಅದೇ ಚಿತ್ರವನ್ನು ಇಂಗ್ಲಿಷಿನಲ್ಲಿ ಬರೆದು, ನೋಟ್ಸ್ ಉರು ಹೊಡೆದು ಪಾಸಾದರೆ, ಅವನ ಕೈಗೆ ಬರುವುದು ಅಂಕಪಟ್ಟಿ ಮಾತ್ರ. ಆಮೇಲೆ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕನಾಗಿ, ಪ್ರತಿ ವರ್ಷ ಕೌನ್ಸೆಲಿಂಗಿಗೆ ಕಾಯುತ್ತಾ, ರಜೆಯಲ್ಲಿ ಸಂಬಳವಿಲ್ಲದೆ ನಲವತ್ತು ದಾಟಿದವರು ನಮ್ಮ ಜಿಲ್ಲೆಯಲ್ಲೇ ಎಷ್ಟು ಮಂದಿ ಇದ್ದಾರೆ. ಅತಿಥಿ ಎಂದು ಕರೆದು ಇಷ್ಟು ವರ್ಷ ಊಟಕ್ಕೆ ಕೂರಿಸದೆ ನಿಲ್ಲಿಸಿದ ಮನೆ ಬೇರೆ ಕಾಣೆ.

ಈ ಎಂ.ಎ. ಒಂದು ಬಾಗಿಲಾಗಬೇಕಾದರೆ ಗಣಿತ ಬೇಕು. ಇದನ್ನು ಮೃದುವಾಗಿ ಹೇಳುವ ಉಪಾಯ ನನಗೆ ಗೊತ್ತಿಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕ್ವಾಂಟಿಟೇಟಿವ್ ಎಕನಾಮಿಕ್ಸ್, ರಿಸರ್ವ್ ಬ್ಯಾಂಕ್ 1987ರಲ್ಲಿ ಮುಂಬೈಯಲ್ಲಿ ಕಟ್ಟಿದ ಇಂದಿರಾ ಗಾಂಧಿ ಸಂಸ್ಥೆ, ಪುಣೆಯಲ್ಲಿ 1930ರಿಂದ ಇರುವ ಗೋಖಲೆ ಸಂಸ್ಥೆ, ಚೆನ್ನೈಯ ಮದ್ರಾಸ್ ಸ್ಕೂಲ್, ಬೆಂಗಳೂರಿನ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಎಲ್ಲಿಗೆ ಹೋದರೂ ಕ್ಯಾಲ್ಕುಲಸ್, ಸಂಭವನೀಯತೆ, ಎಕನಾಮೆಟ್ರಿಕ್ಸ್ ಬಿಟ್ಟು ಗತಿಯಿಲ್ಲ. ಕನ್ನಡ ಮಾಧ್ಯಮದವರಿಗೆ ಇದು ಇಂಗ್ಲಿಷಿಗಿಂತ ದೊಡ್ಡ ಗೋಡೆ ಎಂದು ಎಲ್ಲರೂ ಹೆದರಿಸುತ್ತಾರೆ. ನನ್ನ ಅನುಭವ ತಿರುಗಾಮುರುಗಾ. ಸೂತ್ರಕ್ಕೆ ಮಾಧ್ಯಮವಿಲ್ಲ. ಪಿಯುಸಿ ಗಣಿತದ ಪುಸ್ತಕ ತೆಗೆದು ಆರು ತಿಂಗಳು ದಿನಾ ಎರಡು ತಾಸು ಕೂತವರು ಆ ಗೋಡೆ ಹತ್ತಿದ್ದನ್ನು ಕಂಡಿದ್ದೇನೆ. ಇಂಗ್ಲಿಷಿನ ಗೋಡೆಗೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಹತ್ತಿದರೆ ಆಚೆ ಏನಿದೆ? ಇಂಡಿಯನ್ ಎಕನಾಮಿಕ್ ಸರ್ವಿಸ್ ಇದೆ. 1961ರಲ್ಲಿ ರಚನೆಯಾದ ಸೇವೆ, ಯುಪಿಎಸ್‌ಸಿ ಪರೀಕ್ಷೆ. ಅರ್ಥಶಾಸ್ತ್ರದಲ್ಲೋ ಅದರ ಅನ್ವಯಿಕ ಶಾಖೆಗಳಲ್ಲೋ ಸ್ನಾತಕೋತ್ತರ ಪದವಿ ಇಲ್ಲದೆ ಅರ್ಜಿ ಹಾಕುವಂತಿಲ್ಲ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗಕ್ಕೆ ಪ್ರತ್ಯೇಕ ನೇಮಕಾತಿ ಇದೆ. ಯುಜಿಸಿ ಫೆಲೋಶಿಪ್ ಇದೆ. ಬ್ಯಾಂಕು, ರೇಟಿಂಗ್ ಸಂಸ್ಥೆ, ಸಲಹಾ ಕಂಪನಿಗಳು ಅಂಕಿಅಂಶ ಓದಬಲ್ಲವರನ್ನು ಹುಡುಕುತ್ತಿವೆ; ಆರ್ ಅಥವಾ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಬಂದರೆ ಅವರು ಪದವಿಯ ಹೆಸರನ್ನು ಎರಡನೆಯ ಬಾರಿ ಕೇಳುವುದಿಲ್ಲ.

ಈಗ ಆ ಮೂವತ್ತರ ವಯೋಮಿತಿಯನ್ನು ಹಿಡಿದುಕೊಳ್ಳಿ. ನಾನು ಇವತ್ತು ಹೇಳಲು ಬಂದ ಮಾತು ಅಲ್ಲಿದೆ. ಎಂ.ಬಿ.ಎ. ಕಾಯುತ್ತದೆ, ಎಂ.ಎ. ಕಾಯುವುದಿಲ್ಲ. 2001ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಐಎಸ್‌ಬಿ ಎಂಬ ವ್ಯಾಪಾರ ಶಾಲೆಯ ಒಂದು ವರ್ಷದ ಕೋರ್ಸಿಗೆ ಕೆಲಸದ ಅನುಭವ ಬೇಕೆಂಬುದೇ ಷರತ್ತು. ಅಹಮದಾಬಾದ್, ಬೆಂಗಳೂರಿನ ಐಐಎಂಗಳಲ್ಲಿ ಅನುಭವಸ್ಥರಿಗೇ ಒಂದು ವರ್ಷದ ಕೋರ್ಸುಗಳಿವೆ. ಕೈಕೆಳಗೆ ಒಬ್ಬನನ್ನೂ ಇಟ್ಟುಕೊಳ್ಳದವನಿಗೆ ನಾಯಕತ್ವದ ಪಾಠ ಹೇಳಿದರೆ ಈಜು ಬಾರದವನಿಗೆ ಕಪ್ಪು ಹಲಗೆಯ ಮೇಲೆ ಈಜು ಕಲಿಸಿದಂತೆ. ಮೂವತ್ತೆರಡಕ್ಕೆ ಎಂ.ಬಿ.ಎ. ಮಾಡಿದರೆ ಅದು ಹೆಚ್ಚು ಅರ್ಥವಾಗುತ್ತದೆ. ಮೂವತ್ತೆರಡಕ್ಕೆ, ಮನೆ ಕಂತು ಕಟ್ಟುತ್ತಾ, ಮಗುವನ್ನು ಎತ್ತಿಕೊಂಡು, ಎಕನಾಮೆಟ್ರಿಕ್ಸ್ ಮೊದಲಿಂದ ಕಲಿಯುವವರು ಬಹಳ ಅಪರೂಪ.

ನನ್ನ ಈ ವಾದಕ್ಕೆ ವಿರುದ್ಧವಾದ ಸಾಕ್ಷಿಯನ್ನು ನಾನೇ ಮುಂದಿಡುತ್ತೇನೆ, ಇಲ್ಲದಿದ್ದರೆ ನಿಮ್ಮಲ್ಲಿ ಯಾರಾದರೂ ಎದ್ದು ಕೇಳುತ್ತೀರಿ. 2012ರಿಂದ ಈಚೆಗೆ ಭಾರತ ಸರ್ಕಾರದ ಪೂರ್ಣಾವಧಿ ಮುಖ್ಯ ಆರ್ಥಿಕ ಸಲಹೆಗಾರರಾದ ರಘುರಾಮ್ ರಾಜನ್, ಅರವಿಂದ್ ಸುಬ್ರಮಣಿಯನ್, ಕೃಷ್ಣಮೂರ್ತಿ ಸುಬ್ರಮಣಿಯನ್, ಅನಂತ ನಾಗೇಶ್ವರನ್ ಈ ನಾಲ್ವರೂ ಐಐಎಂನಲ್ಲಿ ಓದಿದವರು. ಮೂವರು ಅಹಮದಾಬಾದ್, ಒಬ್ಬರು ಕಲ್ಕತ್ತಾ. ಮೊದಲು ಮ್ಯಾನೇಜ್‌ಮೆಂಟ್ ಓದಿ, ಆಮೇಲೆ ಹೊರದೇಶದಲ್ಲಿ ಪಿಎಚ್.ಡಿ. ಮಾಡಿ ಅರ್ಥಶಾಸ್ತ್ರದ ಅತಿ ದೊಡ್ಡ ಸರ್ಕಾರಿ ಕುರ್ಚಿಯಲ್ಲಿ ಕೂತರು. ಹಾಗಾದರೆ ಕ್ರಮ ತಿರುವುಮುರುವಾಯಿತಲ್ಲ? ಆಯಿತು. ಆದರೆ ಅವರು ಓದಿದ ಕಾಲದ ಐಐಎಂ ಫೀ ಇವತ್ತಿನ ಇಪ್ಪತ್ತು ಲಕ್ಷ ದಾಟಿದ ಫೀಯ ಮುಂದೆ ಏನೇನೂ ಅಲ್ಲ. ಇಪ್ಪತ್ತು ಲಕ್ಷಕ್ಕೆ ಶೇ. 10ರಂತೆ ಹತ್ತು ವರ್ಷದ ಕಂತು ತಿಂಗಳಿಗೆ 26,400 ರೂಪಾಯಿಯ ಮೇಲಾಗುತ್ತದೆ. ಆ ಕಂತು ಕಟ್ಟುತ್ತಿರುವ ಇಪ್ಪತ್ತನಾಲ್ಕರ ಹುಡುಗ ಸಂಬಳ ಬಿಟ್ಟು ಐದು ವರ್ಷ ಪಿಎಚ್.ಡಿ. ವಿದ್ಯಾರ್ಥಿವೇತನದಲ್ಲಿ ಬದುಕಲು ಹೋಗುತ್ತಾನೆಯೇ? ಹೋಗಲಾರ. ಹಾಗಾಗಿ ನಾನು ಮೊದಲು ಎಂ.ಎ. ಎಂದಾಗ ಅದರ ಹೂರಣ ಇಷ್ಟೇ: ಸಾಲವಿಲ್ಲದ ಪದವಿ ಮೊದಲು. ಪೂರ್ಣ ವಿದ್ಯಾರ್ಥಿವೇತನದಲ್ಲಿ ಒಳ್ಳೆಯ ಎಂ.ಬಿ.ಎ. ಸಿಕ್ಕಿತೆಂದರೆ ನನ್ನ ಕ್ರಮವನ್ನು ತಿಪ್ಪೆಗೆ ಎಸೆಯಿರಿ.

ಇನ್ನೊಂದು ತೊಡಕೂ ಇದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎಂ.ಬಿ.ಎ. ಕಾಯುತ್ತದೆ ಎಂದೆ. ಯಾರಿಗೆ ಕಾಯುತ್ತದೆ? ಅವತ್ತು ಆ ಅಂಗಡಿಯವರು ಎದ್ದು ಹೋಗುವಾಗ ಹೇಳಿದ್ದು: “ಎರಡು ವರ್ಷ ಅಷ್ಟೇ ನೋಡ್ರಿ ಸರ. ಆಮ್ಯಾಲ ಮಂದಿ ಕೇಳ್ತಾರ.” ಗಂಡು ಮಕ್ಕಳ ತಂದೆಯರು ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಮೊದಲು ಎಂ.ಎ., ನಾಲ್ಕು ವರ್ಷ ಕೆಲಸ, ಆಮೇಲೆ ಎಂ.ಬಿ.ಎ. ಎಂಬ ನನ್ನ ಚೊಕ್ಕ ನಕ್ಷೆಯಲ್ಲಿ ಒಂದು ಮದುವೆ, ಎರಡು ಹೆರಿಗೆ, ಅತ್ತೆ ಮನೆಯ ಊರು ಇವಕ್ಕೆ ಜಾಗವಿಲ್ಲ. ಎರಡೇ ವರ್ಷ ಸಿಗುವ ಹುಡುಗಿ ಆ ಎರಡು ವರ್ಷದಲ್ಲಿ ನೇರ ಸಂಬಳ ಕೊಡುವ ಪದವಿಯನ್ನು ಆರಿಸಿಕೊಂಡರೆ, ಸಾಲ ಇದ್ದರೂ ಸರಿ, ಅದು ತಪ್ಪು ಲೆಕ್ಕ ಎನ್ನಲು ನನಗೆ ಬಾಯಿಲ್ಲ. ಕೈಯಲ್ಲಿ ಸಂಬಳ ಇರುವವಳ ಮದುವೆಯ ಮಾತುಕತೆ ಬೇರೆಯೇ ರೀತಿ ನಡೆಯುತ್ತದೆ.

ಆ ಅಂಗಡಿಯವರ ಮಗಳು ಎಂ.ಎ.ಗೇ ಸೇರಿದಳು. ನಾನು ಹೇಳಿದ್ದಕ್ಕಲ್ಲ, ಹಾಸ್ಟೆಲ್ ಸಿಕ್ಕಿತು, ಸಾಲ ಬೇಕಾಗಲಿಲ್ಲ, ಅದಕ್ಕೆ. ಮೊದಲ ಸೆಮಿಸ್ಟರಿನಲ್ಲಿ ಗಣಿತದ ಪತ್ರಿಕೆಯಲ್ಲಿ ಫೇಲಾದಳು, ಮುಂದಿನ ಸಲ ಕಟ್ಟಿ ಪಾಸು ಮಾಡಿದಳು. ಈಗ ಒಂದು ಸಮೀಕ್ಷೆಯ ಯೋಜನೆಯಲ್ಲಿ ಕೈಯಲ್ಲಿ ಟ್ಯಾಬ್ ಹಿಡಿದು ರಾಯಚೂರಿನ ಕಡೆಯ ಹಳ್ಳಿಗಳಲ್ಲಿ ಮನೆ ಮನೆಯ ಸಾಲ, ಉಳಿತಾಯದ ಲೆಕ್ಕ ಬರೆದುಕೊಳ್ಳುತ್ತಿದ್ದಾಳೆ. ಸಂಬಳ ದೊಡ್ಡದಲ್ಲ. ಮಂದಿ ಕೇಳುತ್ತಿದ್ದಾರಂತೆ, ತಂದೆ ಇನ್ನೊಂದು ವರ್ಷ ತಡೆಯಿರಿ ಎನ್ನುತ್ತಿದ್ದಾರಂತೆ.

ಕಳೆದ ತಿಂಗಳು ಅವಳ ಫೋನು ಬಂತು. “ಸರ್, ಒಬ್ಬಾಕಿ ಸಿಕ್ಕಾಳ. ತಿಂಗಳಿಗೆ ನೂರಕ್ಕ ಎರಡರಂಗ ಬಡ್ಡಿ ಕೊಟ್ಟು ಸಂಘದಾಗ ಸಾಲ ತಗೊಂಡಾಳ. ಅದರಾಗಿಂದನ ದಿನಾ ಐವತ್ತು ಪಿಗ್ಮಿ ತುಂಬ್ತಾಳ. ಆ ಪಿಗ್ಮಿ ಸಾಲಕ್ಕ ಕಟ್ಟಿದ್ರ ಎಷ್ಟೋ ಬಡ್ಡಿ ಉಳೀತಿತ್ತು. ಹಿಂಗ ಯಾಕ ಮಾಡ್ತಾಳ್ರಿ?” ನಾನು ಎಂದಿನಂತೆ ಶುರು ಮಾಡಿದೆ: ಕೈ ಕಟ್ಟಿಕೊಳ್ಳುವ ಹಗ್ಗ, ಫಿಲಿಪೀನ್ಸ್, 2006. ಅವಳು ಕೇಳಿಕೊಂಡಳು. ಆಮೇಲೆ, ಇದೇ ಪ್ರಶ್ನೆಯನ್ನು ಹಿಂದಿನ ದಿನ ಅಪ್ಪನಿಗೂ ಕೇಳಿದ್ದೆ ಎಂದಳು. ಅವರು ಅಂಗಡಿಯಲ್ಲಿ ಏನೋ ತೂಗುತ್ತಿದ್ದವರು, ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದರಂತೆ:

“ಸಾಲ ಐತಿ ಅನ್ನೂದು ಮನ್ಯಾಗ ಎಲ್ಲಾರಿಗೂ ಗೊತ್ತಿರತೈತಿ. ಪಿಗ್ಮಿ ಐತಿ ಅನ್ನೂದು ಆಕಿಗೊಬ್ಬಾಕಿಗೆ ಗೊತ್ತು.”

ಮುಂದಿನ ಸುತ್ತಿನ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಸೇರಿಸಬೇಕಂತೆ. ಗಂಡ ಎದುರಿಗಿರುವಾಗ ಅದನ್ನು ಕೇಳುವುದು ಹೇಗೆ ಎಂದು ನಾವಿಬ್ಬರೂ ಯೋಚಿಸುತ್ತಿದ್ದೇವೆ.